ಗಡಿನಾಡಿನ ಮಕ್ಕಳಿಗೆ ಯಾವ ಪ್ರವೇಶ ಪರೀಕ್ಷೆ? ಕೀಮ್, ಸಿಇಟಿ, ನೀಟ್, ಜೆಇಇ, ಸಿಯುಇಟಿಗಳ ಹೋಲಿಕೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ: ಮಗುವನ್ನು ಇಲ್ಲಿಯೇ ಕೇರಳದ ಪ್ಲಸ್ ವನ್‌ಗೆ ಸೇರಿಸುವುದೋ, ತಲಪಾಡಿ ಗಡಿ ದಾಟಿಸಿ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಪಿಯುಸಿಗೆ ಸೇರಿಸುವುದೋ. ಆ ಚರ್ಚೆಯಲ್ಲಿ ಹಾಸ್ಟೆಲಿನ ಖರ್ಚು, ಬಸ್ಸು ರೈಲಿನ ಹೊತ್ತು, ಕಾಲೇಜಿನ ಹೆಸರು ಎಲ್ಲವೂ ಬರುತ್ತವೆ. ಆದರೆ ಎರಡು ವರ್ಷದ ಬಳಿಕ ಮಗು ಬರೆಯಬೇಕಾದ ಪ್ರವೇಶ ಪರೀಕ್ಷೆ ಯಾವುದು, ಅದರಲ್ಲಿ ಯಾವ ರಾಜ್ಯದ ಅಭ್ಯರ್ಥಿಯೆಂದು ಮಗುವನ್ನು ಲೆಕ್ಕ ಹಿಡಿಯುತ್ತಾರೆ ಎಂಬ ವಿಷಯ ಬರುವುದು ಅಪರೂಪ. ಒಳನಾಡಿನ ಜಿಲ್ಲೆಯ ಮಗುವಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಗಡಿಯಲ್ಲಿರುವ ನಮಗೆ ಅದೇ ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಹನ್ನೊಂದನೆಯ ತರಗತಿಗೆ ಎಲ್ಲಿ ಸೇರುತ್ತೇವೆ ಎಂಬ ತೀರ್ಮಾನದೊಂದಿಗೇ ಕೆಲವು ಸೀಟುಗಳ ದಾರಿ ತೆರೆಯುತ್ತದೆ, ಕೆಲವು ಸೀಟುಗಳ ದಾರಿ ಕಿರಿದಾಗುತ್ತದೆ.

ಎಲ್ಲ ಪರೀಕ್ಷೆಗಳನ್ನೂ ಬರೆದುಬಿಟ್ಟರೆ ಯಾವುದಾದರೊಂದು ಹಿಡಿಯುತ್ತದೆ ಎಂಬ ಲೆಕ್ಕಾಚಾರ ಹಲವರಲ್ಲಿದೆ. 2025ರ ಉದಾಹರಣೆಯನ್ನೇ ನೋಡಿದರೆ, ಎಂಜಿನಿಯರಿಂಗ್‌ನ ರಾಷ್ಟ್ರೀಯ ಪರೀಕ್ಷೆ ಜೆಇಇ ಮೇನ್‌ನ ಎರಡನೆಯ ಸುತ್ತು ಏಪ್ರಿಲ್ ತಿಂಗಳ ಆರಂಭದಲ್ಲಿ, ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆ ಸಿಇಟಿ ಏಪ್ರಿಲ್ ಮಧ್ಯದಲ್ಲಿ, ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಮ್ ಏಪ್ರಿಲ್ ಕೊನೆಯ ವಾರದಲ್ಲಿ, ವೈದ್ಯಕೀಯದ ರಾಷ್ಟ್ರೀಯ ಪರೀಕ್ಷೆ ನೀಟ್ ಮೇ 4ರಂದು ನಡೆದವು. ಮಾರ್ಚ್ ತಿಂಗಳ ಬೋರ್ಡ್ ಪರೀಕ್ಷೆ ಮುಗಿಸಿ ಉಸಿರು ತೆಗೆದುಕೊಳ್ಳುವ ಮೊದಲೇ ಐದು ವಾರಗಳೊಳಗೆ ನಾಲ್ಕು ಬಗೆಯ ಪ್ರಶ್ನೆಪತ್ರಿಕೆಗಳನ್ನು ಎದುರಿಸುವ ಹದಿನೇಳರ ಹರೆಯದ ಮಗು ಯಾವುದಕ್ಕೂ ಪೂರ್ತಿ ಸಿದ್ಧವಾಗಿರುವುದಿಲ್ಲ. ಆದ್ದರಿಂದ ಒಂದನ್ನು ಮುಖ್ಯ ಪರೀಕ್ಷೆಯೆಂದು ಹಿಡಿದು, ಅದರ ಸಿದ್ಧತೆಯಿಂದಲೇ ಬರೆಯಬಹುದಾದ ಇನ್ನೊಂದನ್ನು ಜೊತೆಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಯಾವುದು ಮುಖ್ಯ, ಯಾವುದು ಜೊತೆಯದು ಎಂದು ತೀರ್ಮಾನಿಸಲು ಬೇಕಾದ ಸಂಗತಿಗಳನ್ನು ಮುಂದೆ ಹೋಲಿಸಿದ್ದೇನೆ.

ಎಲ್ಲಿ ಓದಿದರೆ ಯಾವ ರಾಜ್ಯದವರು?

ಪ್ರತಿಯೊಂದು ಪರೀಕ್ಷೆಯೂ ಅಭ್ಯರ್ಥಿಯ ರಾಜ್ಯವನ್ನು ಬೇರೆ ಬೇರೆ ರೀತಿಯಲ್ಲಿ ಗುರುತಿಸುತ್ತದೆ, ಮತ್ತು ನಮ್ಮ ಮಕ್ಕಳ ಗೊಂದಲಕ್ಕೆ ಮೂಲ ಇದೇ.

ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರು ನಡೆಸುವ ಕೀಮ್‌ನಲ್ಲಿ ಮುಖ್ಯವಾಗಿ ನೋಡುವುದು ಅಭ್ಯರ್ಥಿಯ ಮೂಲವನ್ನು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಮಗು ಎರಡು ವರ್ಷ ಮಂಗಳೂರಿನಲ್ಲಿ ಪಿಯುಸಿ ಓದಿದ ಮಾತ್ರಕ್ಕೆ ಕೇರಳೀಯ ಅಭ್ಯರ್ಥಿಯ ಸ್ಥಾನವನ್ನು ಕಳೆದುಕೊಳ್ಳುವುದಿಲ್ಲ. ಜನನ ಪ್ರಮಾಣಪತ್ರ, ಜನ್ಮಸ್ಥಳ ನಮೂದಾಗಿರುವ ಎಸ್‌ಎಸ್‌ಎಲ್‌ಸಿ ಪುಸ್ತಕ ಅಥವಾ ವಿಲೇಜ್ ಆಫೀಸಿನ ನೇಟಿವಿಟಿ ಪ್ರಮಾಣಪತ್ರದ ಮೂಲಕ ಅದನ್ನು ತೋರಿಸಬಹುದು. ಈ ದೃಷ್ಟಿಯಿಂದ ಕೀಮ್ ನಮ್ಮ ಜಿಲ್ಲೆಯ ಮಕ್ಕಳಿಗೆ, ಅವರು ಎಲ್ಲಿಯೇ ಓದಿದರೂ, ಕೈತಪ್ಪದ ಪರೀಕ್ಷೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯ ನಿಯಮವೆಂದರೆ ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಪಿಯುಸಿಯ ಎರಡೇ ವರ್ಷ ಅಲ್ಲಿ ಓದಿದವರು ಆ ನಿಯಮದಡಿ ಅರ್ಹರಾಗುವುದಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೇರಳಕ್ಕೆ ಸೇರಿದ ನಮ್ಮ ಪ್ರದೇಶವನ್ನೂ ಮಹಾರಾಷ್ಟ್ರದಲ್ಲಿ ಉಳಿದ ಕೆಲವು ಕನ್ನಡ ಪ್ರದೇಶಗಳನ್ನೂ ಕರ್ನಾಟಕ ಗಡಿನಾಡೆಂದು ಪರಿಗಣಿಸಿ ಪ್ರತ್ಯೇಕ ಷರತ್ತಿನಡಿ ಅವಕಾಶ ನೀಡಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಈ ಷರತ್ತಿನಲ್ಲಿ ಹೆಸರಿಸಲ್ಪಟ್ಟಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಆ ಪ್ರದೇಶದಲ್ಲಿ ನಿಗದಿತ ಕಾಲ ಓದಿರುವುದಕ್ಕೆ ದಾಖಲೆ ಇರಬೇಕು. ಮತ್ತು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 12 ಅಂಕ ಪಡೆಯಬೇಕು. ಆ ಪರೀಕ್ಷೆಯ ಮಟ್ಟ ನಾಲ್ಕನೆಯ ತರಗತಿಯದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಅದು ಭಯದ ವಿಷಯವೇ ಅಲ್ಲ. ಆದರೆ ಮನೆಯಲ್ಲಿ ಕನ್ನಡ ಅಥವಾ ತುಳು ಮಾತನಾಡುತ್ತ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮಲಯಾಳ ಮಾತ್ರ ಬರೆದುಕೊಂಡು ಬಂದ ಮಕ್ಕಳು ಈಗ ನಮ್ಮ ನಡುವೆ ಕಡಿಮೆಯಿಲ್ಲ. ಅಂಥವರು ಪ್ಲಸ್ ವನ್ ರಜೆಯಲ್ಲಿಯೇ ಒತ್ತಕ್ಷರ, ದೀರ್ಘ, ಸಣ್ಣ ಪ್ರಬಂಧಗಳನ್ನು ಕೈಯಾರೆ ಬರೆದು ರೂಢಿಸಿಕೊಳ್ಳಬೇಕು. ಈ ಭಾಷಾ ಪರೀಕ್ಷೆಗೆ ಹಾಜರಾಗದೆ ಉಳಿದರೆ ಸಿಇಟಿಯಲ್ಲಿ ಎಷ್ಟೇ ಒಳ್ಳೆಯ ಅಂಕ ಬಂದಿದ್ದರೂ ಗಡಿನಾಡ ಷರತ್ತಿನ ಪ್ರಯೋಜನ ಸಿಗುವುದಿಲ್ಲ. ಸಿಇಟಿಯ ವಿಷಯ ಪರೀಕ್ಷೆಗಳ ಆಸುಪಾಸಿನ ದಿನದಲ್ಲಿ ಅದು ಪ್ರತ್ಯೇಕವಾಗಿ ನಡೆಯುವುದರಿಂದ, ದಿನ ಮತ್ತು ಸ್ಥಳವನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿ ಪ್ರಯಾಣವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಶಾಲಾ ದಾಖಲೆಯಲ್ಲಿ ಮಾತೃಭಾಷೆಯ ನಮೂದು ಏನಿದೆ ಎಂಬುದನ್ನೂ ಹತ್ತನೆಯ ತರಗತಿ ಬಿಡುವ ಮುನ್ನ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯದು ಜೆಇಇ ಮೇನ್ ಮೂಲಕ ದೊರೆಯುವ ಎನ್‌ಐಟಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಸೀಟುಗಳು. ಇಲ್ಲಿ ಹುಟ್ಟಿದ ಊರು, ಮಾತೃಭಾಷೆ ಯಾವುದೂ ಗಣನೆಗೆ ಬರುವುದಿಲ್ಲ. ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ತೇರ್ಗಡೆಯಾದರೋ ಅದೇ ತವರು ರಾಜ್ಯ. ಪ್ರತಿ ಎನ್‌ಐಟಿಯಲ್ಲಿಯೂ ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ ಮೀಸಲು. ಕಾಸರಗೋಡಿನಲ್ಲಿಯೇ ಪ್ಲಸ್ ಟು ಮುಗಿಸಿದ ಮಗುವಿಗೆ ಕಲ್ಲಿಕೋಟೆಯ ಎನ್‌ಐಟಿ ತವರಿನದು, ಸುರತ್ಕಲ್‌ನದು ಹೊರರಾಜ್ಯದ್ದು. ಮಂಗಳೂರಿನಲ್ಲಿ ಪಿಯುಸಿ ಮುಗಿಸಿದ ಅದೇ ಮಗುವಿಗೆ ಸುರತ್ಕಲ್ ತವರಿನದಾಗಿ, ಕಲ್ಲಿಕೋಟೆ ಹೊರರಾಜ್ಯದ್ದಾಗುತ್ತದೆ. ಮಂಜೇಶ್ವರದ ಮನೆಯಿಂದ ಸುರತ್ಕಲ್‌ಗೆ ದಿನವೂ ಹೋಗಿ ಬರಬಹುದಾದ ದೂರ, ಕಲ್ಲಿಕೋಟೆ ಅದರ ಹಲವು ಪಟ್ಟು ದೂರ; ಆದರೂ ಮಂಜೇಶ್ವರದಲ್ಲಿಯೇ ಪ್ಲಸ್ ಟು ಓದಿದವನಿಗೆ ಕಾಗದದ ಮೇಲೆ ಕಲ್ಲಿಕೋಟೆಯೇ ಹತ್ತಿರ. ಗಣಿತದಲ್ಲಿ ನಿಜವಾಗಿಯೂ ಮುಂದಿರುವ, ಎನ್‌ಐಟಿಯ ಗುರಿಯಿಟ್ಟ ಮಗುವಿನ ತಂದೆತಾಯಿ ಈ ಒಂದು ಸಂಗತಿಯನ್ನು ತಿಳಿದುಕೊಂಡ ಮೇಲೆಯೇ ಹನ್ನೊಂದನೆಯ ತರಗತಿಯ ಅರ್ಜಿ ತುಂಬಬೇಕು. ಪಾಲಕ್ಕಾಡು, ಧಾರವಾಡ ಮೊದಲಾದ ಐಐಟಿಗಳಲ್ಲಿ ತವರು ರಾಜ್ಯದ ಪಾಲು ಎಂಬುದೇ ಇಲ್ಲ.

ಪ್ರಶ್ನೆಪತ್ರಿಕೆಗಳ ಸ್ವಭಾವ

ಕೀಮ್ ಎಂಜಿನಿಯರಿಂಗ್ ಪರೀಕ್ಷೆ 2024ರಿಂದ ಕಂಪ್ಯೂಟರ್‌ನಲ್ಲಿ ನಡೆಯುತ್ತಿದೆ. ಮೂರು ಗಂಟೆ, 150 ಪ್ರಶ್ನೆ, 600 ಅಂಕ. ಅದರಲ್ಲಿ ಗಣಿತಕ್ಕೆ 75, ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 30 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರತಿ ಪ್ರಶ್ನೆಗೆ ಐದು ಆಯ್ಕೆಗಳಿರುವುದರಿಂದ ಏನೂ ತಿಳಿಯದೆ ಊಹಿಸಿದರೆ ಸರಾಸರಿಯಲ್ಲಿ ಸಿಗುವುದು ಸೊನ್ನೆ: ಐದರಲ್ಲಿ ಒಂದು ಸರಿಯಾಗಿ 4 ಅಂಕ ಬಂದರೆ, ಉಳಿದ ನಾಲ್ಕು ತಪ್ಪಾಗಿ ಆ ನಾಲ್ಕೂ ಹೋಗುತ್ತವೆ. ಪರೀಕ್ಷೆಯ ಅರ್ಧ ಭಾಗ ಗಣಿತವೇ ಆಗಿರುವುದನ್ನು ಗಮನಿಸಬೇಕು. ರಸಾಯನಶಾಸ್ತ್ರವನ್ನು ಪ್ರೀತಿಯಿಂದ ಓದಿ ಗಣಿತವನ್ನು ಹೇಗೋ ದಾಟಿಸುವ ಮಗುವಿಗೆ ಕೀಮ್ ಒಗ್ಗುವುದಿಲ್ಲ.

ಸಿಇಟಿಯಲ್ಲಿ ಮೂರೂ ವಿಷಯಗಳಿಗೆ ಸಮಾನ ಸ್ಥಾನ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ಗುರುತಿಸಬೇಕು. ನೆಗೆಟಿವ್ ಅಂಕವಿಲ್ಲದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೀಮ್‌ಗೆ ತಯಾರಾದ ಮಗು, ಗೊತ್ತಿಲ್ಲದ್ದನ್ನು ಬಿಟ್ಟುಬಿಡುವ ಅಭ್ಯಾಸವನ್ನು ಸಿಇಟಿಗೂ ಹೊತ್ತೊಯ್ದರೆ ಬರಬಹುದಾದ ಅಂಕವನ್ನು ತಾನೇ ಬಿಟ್ಟುಕೊಟ್ಟಂತೆ. ಕೇರಳದ ಪ್ಲಸ್ ಟು ಮತ್ತು ಕರ್ನಾಟಕದ ಪಿಯುಸಿ ಎರಡರಲ್ಲಿಯೂ ವಿಜ್ಞಾನ ವಿಷಯಗಳಿಗೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಆದ್ದರಿಂದ ಇಲ್ಲಿ ಓದಿದವರಿಗೆ ಅಲ್ಲಿನ ಪಾಠ ಹೊಸದೆನಿಸುವುದಿಲ್ಲ. ಆದರೂ ಯಾವ ಅಧ್ಯಾಯಗಳನ್ನು ಕೈಬಿಡಲಾಗಿದೆ ಎಂಬುದು ಎರಡೂ ಕಡೆ ಒಂದೇ ಆಗಿರಬೇಕೆಂದಿಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಹೊರಗಿನ ಪ್ರಶ್ನೆಗಳು ಬಂದು, ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅಧಿಕೃತ ಪಠ್ಯಕ್ರಮದ ಪಟ್ಟಿಯನ್ನು ಇಳಿಸಿಕೊಂಡು, ನಮ್ಮ ಪಾಠಪುಸ್ತಕದ ಪಕ್ಕದಲ್ಲಿಟ್ಟು, ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಲು ಒಂದು ಸಂಜೆ ಸಾಕು.

ಜೆಇಇ ಮೇನ್‌ನಲ್ಲಿ ಪ್ರಶ್ನೆಗಳು 75 ಮಾತ್ರ, ಅವಧಿ ಮೂರು ಗಂಟೆ, ಒಟ್ಟು 300 ಅಂಕ. ಪ್ರತಿ ವಿಷಯದಲ್ಲಿ 25 ಪ್ರಶ್ನೆಗಳಿದ್ದು, ಅವುಗಳಲ್ಲಿ ಐದಕ್ಕೆ ಆಯ್ಕೆಗಳಿರದೆ ಉತ್ತರದ ಸಂಖ್ಯೆಯನ್ನೇ ಬರೆಯಬೇಕು. ಒಂದು ಪ್ರಶ್ನೆಗೆ ಸಿಗುವ ಸಮಯವನ್ನು ಹೋಲಿಸಿದರೆ ಪರೀಕ್ಷೆಗಳ ಸ್ವಭಾವ ಚೆನ್ನಾಗಿ ತಿಳಿಯುತ್ತದೆ: ಜೆಇಇಯಲ್ಲಿ 144 ಸೆಕೆಂಡು, ಸಿಇಟಿಯಲ್ಲಿ 80, ಕೀಮ್‌ನಲ್ಲಿ 72, ನೀಟ್‌ನಲ್ಲಿ 60. ಜೆಇಇ ಹೆಚ್ಚು ಸಮಯ ಕೊಡುವುದು ಪ್ರಶ್ನೆ ಆಳವಾಗಿರುವುದರಿಂದ. ಎರಡು ಮೂರು ಅಧ್ಯಾಯಗಳ ತತ್ತ್ವಗಳನ್ನು ಸೇರಿಸಿ ಬಿಡಿಸಬೇಕಾದ ಲೆಕ್ಕಗಳು ಅಲ್ಲಿ ಬರುತ್ತವೆ. ಕೀಮ್ ಮತ್ತು ಸಿಇಟಿಗಳಲ್ಲಿ ಪಾಠ ತಿಳಿದ ಮಗುವಿಗೆ ಬೇಕಾದದ್ದು ವೇಗ ಮತ್ತು ನಿಖರತೆ. ಹೀಗಾಗಿ ಜೆಇಇಗೆ ಶ್ರದ್ಧೆಯಿಂದ ಓದಿದವರು ಕೊನೆಯ ಕೆಲವು ವಾರ ವೇಗದ ಅಭ್ಯಾಸ ಮಾಡಿದರೆ ಕೀಮ್ ಅಥವಾ ಸಿಇಟಿಯನ್ನೂ ಬರೆಯಬಲ್ಲರು, ಆದರೆ ಕೀಮ್‌ಗೆ ಮಾತ್ರ ಓದಿದವರು ಜೆಇಇಯನ್ನು ಅದೇ ಧೈರ್ಯದಿಂದ ಬರೆಯಲಾರರು.

ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಾಮೆಡ್‌ಕೆ ಎಂಬ ಇನ್ನೊಂದು ಪರೀಕ್ಷೆಯಿದೆ: 180 ಪ್ರಶ್ನೆ, ಮೂರು ಗಂಟೆ, ನೆಗೆಟಿವ್ ಅಂಕವಿಲ್ಲ, ಯಾವ ರಾಜ್ಯದವರೂ ಬರೆಯಬಹುದು. ಗಡಿನಾಡ ಷರತ್ತಿನ ಕಾಗದಪತ್ರ ಹೊಂದಿಸಲಾಗದವರಿಗೆ ಮಂಗಳೂರು, ಬೆಂಗಳೂರಿನ ಕಾಲೇಜುಗಳತ್ತ ಇದು ದಾರಿ. ಶುಲ್ಕ ಮಾತ್ರ ಸಿಇಟಿಯ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ಮೊದಲು ನಾಲ್ಕು ವರ್ಷದ ಒಟ್ಟು ಮೊತ್ತವನ್ನು ಲೆಕ್ಕ ಹಾಕಿಯೇ ಅರ್ಜಿ ಹಾಕಬೇಕು.

ಬೋರ್ಡ್ ಪರೀಕ್ಷೆಯ ಅಂಕಕ್ಕೆ ಎಷ್ಟು ಬೆಲೆ?

ಎಂಟ್ರೆನ್ಸ್ ಕೋಚಿಂಗ್‌ನ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದು ಈಚೆಗೆ ಹೆಚ್ಚಾಗಿದೆ. ಕೀಮ್ ಅಥವಾ ಸಿಇಟಿ ಬರೆಯುವವರಿಗೆ ಇದು ದುಬಾರಿಯಾದ ತಪ್ಪು. ಎರಡರಲ್ಲಿಯೂ ಎಂಜಿನಿಯರಿಂಗ್ ರ‍್ಯಾಂಕಿನ ಅರ್ಧ ಭಾಗ ಪ್ರವೇಶ ಪರೀಕ್ಷೆಯಿಂದ, ಇನ್ನರ್ಧ ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಅಂಕಗಳಿಂದ ಬರುತ್ತದೆ. ಬೇರೆ ಬೇರೆ ಬೋರ್ಡ್‌ಗಳ ಅಂಕಗಳನ್ನು ಸಮೀಕರಿಸುವ ಸೂತ್ರ ಕೇರಳದಲ್ಲಿ ವಿವಾದಕ್ಕೂ ಕಾರಣವಾಗಿದೆ. 2025ರ ಜುಲೈಯಲ್ಲಿ, ರ‍್ಯಾಂಕ್ ಪಟ್ಟಿ ಪ್ರಕಟವಾದ ಬಳಿಕ ಕೇರಳ ಹೈಕೋರ್ಟ್ ಆ ವರ್ಷದ ಹೊಸ ಸೂತ್ರವನ್ನು ರದ್ದುಪಡಿಸಿದ್ದರಿಂದ, ಹಳೆಯ ಸೂತ್ರದಂತೆ ಪಟ್ಟಿಯನ್ನು ಮತ್ತೆ ಪ್ರಕಟಿಸಬೇಕಾಯಿತು. ರಾಜ್ಯ ಬೋರ್ಡ್, ಸಿಬಿಎಸ್‌ಇ, ಕರ್ನಾಟಕ ಪಿಯುಸಿ ಇವುಗಳಲ್ಲಿ ಯಾವುದರಿಂದ ಬಂದವರ ಸ್ಥಾನ ಎಷ್ಟು ಮೇಲೆ ಕೆಳಗೆ ಆಗುತ್ತದೆ ಎಂಬುದು ಈ ಸೂತ್ರವನ್ನು ಅವಲಂಬಿಸಿರುವುದರಿಂದ, ಪ್ರತಿ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಆ ಭಾಗವನ್ನು ತಪ್ಪದೆ ಓದಬೇಕು. ಕಳೆದ ವರ್ಷ ಅಣ್ಣನಿಗೆ ಅನ್ವಯಿಸಿದ್ದು ಈ ವರ್ಷ ತಂಗಿಗೆ ಅನ್ವಯಿಸದಿರಬಹುದು.

ನೀಟ್, ಜೆಇಇ, ಕಾಮೆಡ್‌ಕೆಗಳ ರ‍್ಯಾಂಕಿನಲ್ಲಿ ಬೋರ್ಡ್ ಅಂಕ ಸೇರುವುದಿಲ್ಲ. ಅರ್ಹತೆಯ ಮಿತಿ ಮಾತ್ರ ಇದೆ. ಎಂಬಿಬಿಎಸ್‌ಗೆ ಸಾಮಾನ್ಯ ವರ್ಗದವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇಕಡ 50 ಪಡೆದಿರಬೇಕು. ಎನ್‌ಐಟಿಗೆ ಸಾಮಾನ್ಯ ವರ್ಗದವರು ಹನ್ನೆರಡನೆಯ ತರಗತಿಯಲ್ಲಿ ಶೇಕಡ 75 ಪಡೆದಿರಬೇಕು, ಇಲ್ಲವೆ ತಮ್ಮ ಬೋರ್ಡಿನ ಮೇಲಿನ ಶೇಕಡ 20ರ ಪಟ್ಟಿಯಲ್ಲಿರಬೇಕು.

ನೀಟ್, ಮತ್ತು ನೀಟ್ ಒಂದೇ ಸಾಲದು ಎಂಬ ವಿಷಯ

2025ರಲ್ಲಿ ನಡೆದ ಕ್ರಮದಂತೆ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಜೀವಶಾಸ್ತ್ರಕ್ಕೆ 90, ಭೌತ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 45 ಪ್ರಶ್ನೆ. ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ ಎಲ್ಲಕ್ಕೂ ಇದೇ ಬಾಗಿಲು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇಕಡ 15 ಸೀಟುಗಳು ಅಖಿಲ ಭಾರತ ಪಾಲಿಗೆ, ಶೇಕಡ 85 ಆಯಾ ರಾಜ್ಯದ ಪಾಲಿಗೆ ಸೇರುತ್ತವೆ. ಇಲ್ಲಿಯೇ ನಮ್ಮ ಮಕ್ಕಳು ಎಡವುವ ಒಂದು ಜಾಗವಿದೆ. ಕೇರಳದ ರಾಜ್ಯಪಾಲಿನ ಸೀಟು ಬೇಕಾದರೆ ನೀಟ್ ಬರೆದರಷ್ಟೇ ಸಾಲದು. ಅದಕ್ಕೂ ಮೊದಲೇ ಕೀಮ್‌ನ ಅರ್ಜಿಯಲ್ಲಿ ವೈದ್ಯಕೀಯ ವಿಭಾಗವನ್ನು ಆಯ್ದು ಅರ್ಜಿ ಸಲ್ಲಿಸಿರಬೇಕು. "ನಾವು ಎಂಜಿನಿಯರಿಂಗ್ ಬರೆಯುವುದಿಲ್ಲವಲ್ಲ, ಕೀಮ್ ಏಕೆ" ಎಂದು ಆ ಅರ್ಜಿಯನ್ನು ಬಿಟ್ಟ ಮಗು ಉತ್ತಮ ನೀಟ್ ಅಂಕ ಪಡೆದೂ ಪರಿಯಾರಂನಂಥ ಹತ್ತಿರದ ಸರ್ಕಾರಿ ಕಾಲೇಜಿನ ರಾಜ್ಯಪಾಲಿನ ಸೀಟಿಗೆ ಪರಿಗಣಿತವಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಕೃಷಿ ಕುಟುಂಬದ ಮಕ್ಕಳಿಗಾಗಿ ಇನ್ನೊಂದು ಹೋಲಿಕೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅಡಕೆ ತೆಂಗಿನ ತೋಟವಿರುವ ಮನೆಗಳಲ್ಲಿ ಬಿಎಸ್ಸಿ ಕೃಷಿ ಓದುವ ಆಸೆ ಸಹಜವಾಗಿದೆ ಮತ್ತು ಅದು ಒಳ್ಳೆಯ ಆಸೆ. ಕೇರಳದಲ್ಲಿ ಕೃಷಿ, ಅರಣ್ಯ, ಪಶುವೈದ್ಯ, ಮೀನುಗಾರಿಕೆ ಪದವಿಗಳ ರಾಜ್ಯ ಸೀಟುಗಳನ್ನು ನೀಟ್ ಅಂಕದ ಆಧಾರದಲ್ಲಿ ಪ್ರವೇಶ ಪರೀಕ್ಷಾ ಆಯುಕ್ತರೇ ಹಂಚುತ್ತಾರೆ. ನಮ್ಮ ಜಿಲ್ಲೆಯ ಪಡನ್ನಕ್ಕಾಡಿನ ಕೃಷಿ ಕಾಲೇಜಿಗೂ ಇದೇ ದಾರಿ. ಕರ್ನಾಟಕದಲ್ಲಿ ಅದೇ ಕೃಷಿ ಪದವಿಗೆ ನೀಟ್ ಬೇಡ, ಸಿಇಟಿ ಸಾಕು, ಪಶುವೈದ್ಯಕ್ಕೂ ಹಾಗೆಯೇ. ನೀಟ್‌ನ ಭಾರ ಹೊರಲು ಮನಸ್ಸಿಲ್ಲದ, ಆದರೆ ಮಣ್ಣು ಬೆಳೆಗಳ ವಿಷಯದಲ್ಲಿ ನಿಜವಾದ ಆಸಕ್ತಿಯಿರುವ ಗಡಿನಾಡಿನ ಮಗುವಿಗೆ ಸಿಇಟಿಯೇ ಮುಖ್ಯ ಪರೀಕ್ಷೆಯಾಗಬೇಕು. ಅಂಥ ಮಗು ಜೀವಶಾಸ್ತ್ರದ ಜೊತೆ ಗಣಿತವನ್ನೂ ಉಳಿಸಿಕೊಂಡರೆ ಎಂಜಿನಿಯರಿಂಗ್ ಸೀಟಿನ ಆಯ್ಕೆಯೂ ತೆರೆದಿರುತ್ತದೆ. ದೇಶದ ಇತರ ಕೃಷಿ ವಿಶ್ವವಿದ್ಯಾಲಯಗಳ ಅಖಿಲ ಭಾರತ ಸೀಟುಗಳು ಈಗ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಮೂಲಕ ಭರ್ತಿಯಾಗುತ್ತವೆ.

ಬಿಎಸ್ಸಿ ನರ್ಸಿಂಗ್‌ಗೆ ಕರ್ನಾಟಕದಲ್ಲಿ 2023ರಿಂದ ಸಿಇಟಿ ಬೇಕು. ಕೇರಳದಲ್ಲಿ ಇತ್ತೀಚಿನ ವರ್ಷಗಳವರೆಗೂ ಪ್ಲಸ್ ಟು ಅಂಕದ ಮೇಲೆ ಸರ್ಕಾರಿ ಸಂಸ್ಥೆಯಾದ ಎಲ್‌ಬಿಎಸ್ ಕೇಂದ್ರ ಸೀಟು ಹಂಚುತ್ತಾ ಬಂದಿದೆ.

ಕನ್ನಡದಲ್ಲಿ ಬರೆಯಬಹುದೇ?

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ವನ್‌ನಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳುವ ಮಕ್ಕಳ ಕಷ್ಟ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಕಾಳಜಿಯ ಭಾಗ. ನೀಟ್, ಜೆಇಇ ಮೇನ್, ಸಿಯುಇಟಿ ಮೂರೂ ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಯುತ್ತವೆ. ಕೀಮ್ ಇಂಗ್ಲಿಷಿನಲ್ಲಿ ಮಾತ್ರ. ಐಐಟಿಗಳಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೆ ನೀಟ್‌ನ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ; ಕಾಸರಗೋಡಿನ ಕೇಂದ್ರದಲ್ಲಿ ಕೂತರೆ ಇಂಗ್ಲಿಷ್, ಹಿಂದಿ, ಉರ್ದು ಅಥವಾ ಮಲಯಾಳ. ಕನ್ನಡ ಬೇಕೆಂದರೆ ಮಂಗಳೂರಿನಂಥ ಕರ್ನಾಟಕದ ನಗರವನ್ನು ಕೇಂದ್ರವಾಗಿ ಆಯ್ದುಕೊಳ್ಳಬೇಕು. ಅರ್ಜಿಯಲ್ಲಿ ಕೊಟ್ಟ ವಿಳಾಸದ ರಾಜ್ಯವನ್ನು ನೋಡಿ ನಗರಗಳ ಪಟ್ಟಿ ತೋರಿಸುವ ಕ್ರಮವೂ ಇರುವುದರಿಂದ, ಕೊನೆಯ ದಿನದವರೆಗೆ ಕಾಯದೆ ಅರ್ಜಿಯನ್ನು ತೆರೆದು, ಮಂಗಳೂರು ಪಟ್ಟಿಯಲ್ಲಿ ಕಾಣುತ್ತದೆಯೇ ಎಂದು ಮೊದಲು ನೋಡಬೇಕು. ಕರ್ನಾಟಕದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವವರಿಗೆ ಇದು ಸುಲಭ.

ಹಾಗಾದರೆ ಕನ್ನಡವನ್ನೇ ಆಯ್ದುಕೊಳ್ಳಬೇಕೇ? ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿ, ಇಂಗ್ಲಿಷ್ ಪಾರಿಭಾಷಿಕ ಪದಗಳಲ್ಲಿಯೇ ಟಿಪ್ಪಣಿ ಬರೆದ ಮಗುವಿಗೆ ಪರೀಕ್ಷೆಯ ದಿನ "ವಿದ್ಯುತ್ಕಾಂತೀಯ ಪ್ರೇರಣೆ", "ದ್ಯುತಿಸಂಶ್ಲೇಷಣೆ" ಎಂಬ ಪದಗಳನ್ನು ಕಂಡು ಒಂದು ಕ್ಷಣ ನಿಲ್ಲಬೇಕಾಗುತ್ತದೆ, ಮತ್ತು ನೀಟ್‌ನಲ್ಲಿ ಪ್ರತಿ ಪ್ರಶ್ನೆಗೆ ಇರುವುದು ಒಂದೇ ನಿಮಿಷ. ಆದರೆ ಕನ್ನಡ ಆಯ್ದವರಿಗೆ ಕೊಡುವ ಪುಸ್ತಿಕೆ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಒಳಗೊಂಡಿರುತ್ತದೆ. ಉದ್ದನೆಯ ಹೇಳಿಕೆಗಳಲ್ಲಿ ಇಂಗ್ಲಿಷ್ ವಾಕ್ಯ ಅಸ್ಪಷ್ಟವಾದಾಗ ಕನ್ನಡದತ್ತ ನೋಡಿ ಅರ್ಥ ಖಚಿತಪಡಿಸಿಕೊಳ್ಳಬಹುದು; ಅನುವಾದದಲ್ಲಿ ವ್ಯತ್ಯಾಸವಿದ್ದರೆ ಅಂತಿಮವಾಗಿ ಇಂಗ್ಲಿಷ್ ರೂಪವನ್ನೇ ಪ್ರಮಾಣವೆಂದು ಪರಿಗಣಿಸುತ್ತಾರೆ. ಕನ್ನಡ ಮಾಧ್ಯಮದ ಹಿನ್ನೆಲೆಯ ಮಗುವಿಗೆ ಈ ಎರಡು ಭಾಷೆಯ ಪುಸ್ತಿಕೆ ಒಂದು ಆಸರೆ ಎಂಬುದು ನನ್ನ ನಿಲುವು, ಆದರೆ ಹಿಂದಿನ ವರ್ಷಗಳ ಕನ್ನಡ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ನಡೆಸುವ ಎನ್‌ಟಿಎ ಜಾಲತಾಣದಿಂದ ತೆಗೆದು ಮನೆಯಲ್ಲಿ ಸಮಯ ಹಿಡಿದು ಬರೆದು ನೋಡಿದ ಮೇಲೆಯೇ ನಿರ್ಧರಿಸಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆಯವರಿಗೆ ಮಂಗಳೂರಿನ ಪ್ರಯಾಣ ಹೊರೆಯೂ ಅಲ್ಲ. ಮುಳ್ಳೇರಿಯ, ಅಡೂರು ಕಡೆಯ ಮಕ್ಕಳು ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು ಲೇಸು.

ಕೇರಳದ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸರ್ಕಾರಿ ಸಂಸ್ಥೆ ಕೈಟ್ "ಕೀ ಟು ಎಂಟ್ರೆನ್ಸ್" ಹೆಸರಿನಲ್ಲಿ ಉಚಿತ ಆನ್‌ಲೈನ್ ತರಬೇತಿ ನಡೆಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಅದರ ಮಾದರಿ ಪರೀಕ್ಷೆಗಳನ್ನು ಬಳಸಿಕೊಳ್ಳಬೇಕು. ಮಲಯಾಳದ ವಿವರಣೆ ಪೂರ್ತಿ ತಿಳಿಯದವರಿಗೂ ಮಾದರಿ ಪ್ರಶ್ನೆಗಳು ಉಪಯುಕ್ತ. ಈ ಸೌಲಭ್ಯ ಕನ್ನಡದಲ್ಲಿಯೂ ಸಿಗಬೇಕೆಂದು ನಮ್ಮ ಶಾಲಾ ರಕ್ಷಕ ಶಿಕ್ಷಕ ಸಂಘಗಳು ಕೇಳಬೇಕು.

ಸಿಯುಇಟಿ: ವಿಜ್ಞಾನದ ಹೊರಗಿನ ಮಕ್ಕಳಿಗೆ

ಕಲೆ, ವಾಣಿಜ್ಯ ಓದುವವರ ವಿಷಯದಲ್ಲಿ ನಮ್ಮ ಕಡೆ ಪ್ರವೇಶ ಪರೀಕ್ಷೆಯ ಮಾತೇ ಕೇಳಿಬರುವುದಿಲ್ಲ. ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಅಂದರೆ ಕಾಸರಗೋಡು ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು ಮೊದಲಾದವುಗಳಲ್ಲಿ ಪದವಿಗೆ ಪ್ಲಸ್ ಟು ಅಂಕವೇ ಸಾಕು. ಆದರೆ 2022ರಲ್ಲಿ ಆರಂಭವಾದ ಸಿಯುಇಟಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ದೆಹಲಿ ಹೈದರಾಬಾದ್‌ಗಳಿಗೂ, ದಾರಿ ತೆರೆದಿದೆ. ಒಬ್ಬರು ಐದು ವಿಷಯಗಳವರೆಗೆ ಬರೆಯಬಹುದು. ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿಗೆ 5 ಅಂಕ, ತಪ್ಪಿಗೆ 1 ಕಡಿತ. ಕನ್ನಡವನ್ನೇ ಒಂದು ಭಾಷಾ ವಿಷಯವಾಗಿ ಬರೆಯಬಹುದು ಎಂಬುದು ನಮ್ಮ ಮಕ್ಕಳಿಗೆ ಅನುಕೂಲ, ಆದರೆ ಸೇರಬೇಕೆಂದಿರುವ ಕೋರ್ಸು ಆ ವಿಷಯವನ್ನು ಪರಿಗಣಿಸುತ್ತದೆಯೇ ಎಂದು ಆಯಾ ವಿಶ್ವವಿದ್ಯಾಲಯದ ಪುಟದಲ್ಲಿ ನೋಡಿದ ಬಳಿಕ ಆಯ್ದುಕೊಳ್ಳಬೇಕು. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ನಮ್ಮ ಜಿಲ್ಲೆಯಲ್ಲಿಯೇ ಇದೆ. ಶಿಕ್ಷಕರಾಗಬೇಕೆಂಬ ಮನಸ್ಸಿರುವವರು ಅಲ್ಲಿನ ನಾಲ್ಕು ವರ್ಷದ ಸಂಯೋಜಿತ ಬಿಎಡ್ ಕೋರ್ಸಿಗೆ ಬೇಕಾದ ಎನ್‌ಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆಯನ್ನು ಗಮನಿಸಬೇಕು. ಕನ್ನಡ ಶಾಲೆಗಳಿಗೆ ಚೆನ್ನಾಗಿ ತರಬೇತಾದ ಶಿಕ್ಷಕರ ಅಗತ್ಯ ಎಷ್ಟೆಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಕಾಗದಪತ್ರ

ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ತುಂಬಿಸುವವರು ಎರಡು ವಿಷಯ ನೆನಪಿಡಬೇಕು. ಹಿಂದುಳಿದ ವರ್ಗದವರಿಗೆ ಕೀಮ್‌ಗಾಗಿ ಬೇಕಾದ, ಕೆನೆಪದರಕ್ಕೆ ಸೇರಿಲ್ಲವೆಂಬ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರ ವಿಲೇಜ್ ಆಫೀಸಿನಿಂದ ಬರುತ್ತದೆ. ನೀಟ್, ಜೆಇಇಗಳಿಗೆ ಕೇಂದ್ರದ ನಮೂನೆಯಲ್ಲಿ ತಹಸೀಲ್ದಾರರು ಕೊಟ್ಟದ್ದು ಬೇಕು. ಒಂದನ್ನು ಇನ್ನೊಂದರ ಬದಲಿಗೆ ಕೊಡಲಾಗದು, ಮತ್ತು ರಾಜ್ಯದ ಪಟ್ಟಿಯಲ್ಲಿರುವ ಸಮುದಾಯ ಕೇಂದ್ರದ ಪಟ್ಟಿಯಲ್ಲಿಯೂ ಇದ್ದೇ ಇರುತ್ತದೆಂದು ಭಾವಿಸಬಾರದು. ಕೇರಳದ ಮೀಸಲಾತಿ ಪ್ರಮಾಣಪತ್ರವನ್ನು ಕರ್ನಾಟಕದಲ್ಲಿ ಹಾಗೆಯೇ ಸ್ವೀಕರಿಸುತ್ತಾರೆ ಎಂದೂ ಎಣಿಸಬಾರದು. ಗಡಿನಾಡ ಷರತ್ತಿನ ಅಭ್ಯರ್ಥಿಗಳಿಗೆ ಸಂಬಂಧಿಸಿದ ಭಾಗವನ್ನು ಸಿಇಟಿ ಪುಸ್ತಿಕೆಯಲ್ಲಿ ಓದಿಯೇ ಮುಂದುವರಿಯಬೇಕು. ಎರಡನೆಯದು ಹೆಸರು. ಆಧಾರ್‌ನಲ್ಲಿ ಒಂದು ಕಾಗುಣಿತ, ಎಸ್‌ಎಸ್‌ಎಲ್‌ಸಿಯಲ್ಲಿ ಇನ್ನೊಂದು, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ: ಕನ್ನಡ ಹೆಸರನ್ನು ಮಲಯಾಳದ ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷಿನಲ್ಲಿ ಬರೆದಿರುವ ದಾಖಲೆಗಳು ಇಲ್ಲಿ ಬಹಳ. ಪ್ಲಸ್ ವನ್ ಓದುತ್ತಿರುವಾಗಲೇ ಇವನ್ನು ಒಂದೇ ರೂಪಕ್ಕೆ ತಂದಿಡಬೇಕು.

ಮತ್ತೊಂದು ವರ್ಷ ಬರೆಯುವುದೇ?

ಮೊದಲ ಸಲ ಸೀಟು ಸಿಗದಿದ್ದಾಗ ಒಂದು ವರ್ಷ ಕೋಚಿಂಗ್‌ಗೆ ಹೋಗುವ ತೀರ್ಮಾನವನ್ನೂ ಪರೀಕ್ಷೆಯ ಸ್ವರೂಪ ನೋಡಿಯೇ ಮಾಡಬೇಕು. ನೀಟ್‌ನಲ್ಲಿ ರ‍್ಯಾಂಕ್ ಪೂರ್ತಿ ಪರೀಕ್ಷೆಯ ಅಂಕದಿಂದಲೇ ಬರುವುದರಿಂದ ಮತ್ತೊಂದು ವರ್ಷದ ಶ್ರಮಕ್ಕೆ ಪೂರ್ತಿ ಫಲ ಸಿಗಬಹುದು. ಜೆಇಇ ಅಡ್ವಾನ್ಸ್ಡ್‌ನ್ನು ಸತತ ಎರಡು ವರ್ಷಗಳಲ್ಲಿ ಎರಡು ಸಲ ಮಾತ್ರ ಬರೆಯಬಹುದು. ಕೀಮ್ ಮತ್ತು ಸಿಇಟಿಯಲ್ಲಿ ಹನ್ನೆರಡನೆಯ ತರಗತಿಯ ಅಂಕ ಅರ್ಧ ಭಾಗವಾಗಿ ಹಾಗೆಯೇ ನಿಂತಿರುತ್ತದೆ; ಎಷ್ಟು ಓದಿದರೂ ಮೇಲೇರುವುದು ಇನ್ನರ್ಧ ಮಾತ್ರ. ಬೋರ್ಡ್‌ನಲ್ಲಿ ಶೇಕಡ 90 ದಾಟಿ, ಪ್ರವೇಶ ಪರೀಕ್ಷೆಯ ದಿನ ಮಾತ್ರ ಹಿಂದುಳಿದ ಮಗುವಿಗೆ ಮರುಪ್ರಯತ್ನ ಸಾರ್ಥಕ. ಬೋರ್ಡ್ ಅಂಕವೇ ಕಡಿಮೆಯಿದ್ದ ಮಗು ಎಂಜಿನಿಯರಿಂಗ್‌ಗಾಗಿ ವರ್ಷ ಕಾಯುವುದಾದರೆ ಬೋರ್ಡ್ ಅಂಕವನ್ನು ಲೆಕ್ಕಕ್ಕೆ ಹಿಡಿಯದ ಕಾಮೆಡ್‌ಕೆಯತ್ತ ತಿರುಗುವುದು, ಇಲ್ಲವೆ ಆ ವರ್ಷವೇ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಂಥ ಹತ್ತಿರದ ಕಾಲೇಜಿನಲ್ಲಿ ಕೊನೆಯ ಸುತ್ತಿನವರೆಗೂ ಸೀಟಿಗಾಗಿ ಪ್ರಯತ್ನಿಸುವುದು ಹೆಚ್ಚು ಸರಿ.